ಮಾಳವ್ವನ ಎದೆಯ ಗಂಟು

ಮಾಳವ್ವ ಅದನ್ನು ಮೊದಲು ಹೇಳಿದ್ದು ನನಗೆ. ಗಂಡನಿಗೆ ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ.

ದೀಪಾವಳಿ ಕಳೆದು ನಾಲ್ಕೈದು ದಿನವಾಗಿತ್ತು. ಮಸ್ಕಿಯ ಹಳ್ಳದಲ್ಲಿ ಅವಳು ಕುರಿಯ ಉಣ್ಣೆ ತೊಳೆಯುತ್ತಿದ್ದಳು. ನಾನು ಊರೂರು ತಿರುಗಿ ಬಳೆ ಇಡಿಸುವವಳು. ಆ ದಿನ ಬಳೆಗಳ ಗಂಟನ್ನು ಬಂಡೆಯ ಮೇಲಿಟ್ಟು ಕಾಲು ತೊಳೆಯಲು ನೀರಿಗಿಳಿದಿದ್ದೆ. ಅವಳು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನೊಳಗೆ ಕೈ ಹಾಕಿದಳು.

"ನೀಲಿ, ಇಲ್ಲೊಂದು ಗಂಟಾಗೇತಿ ನೋಡು. ಹುಣಸಿಬೀಜದಷ್ಟು."

"ನೋಯ್ತೈತೇನು?"

"ಇಲ್ಲ."

"ನೋಯಂಗಿಲ್ಲ ಅಂದ್ರ ಏನೂ ಆಗಂಗಿಲ್ಲ ಬಿಡು. ಹಾಲಿನ ಗಂಟಿರಬೇಕು. ಹಳ್ಳೆಣ್ಣಿ ಬಿಸಿ ಮಾಡಿ ಹಚ್ಚು."

ಅವಳ ಕಿರಿಮಗಳು ಮೊಲೆ ಬಿಟ್ಟು ಮೂರು ವರ್ಷವಾಗಿತ್ತು. ಹಾಲು ಎಲ್ಲಿಂದ ಬರಬೇಕು? ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. "ನೀ ಹೇಳಿದಿ ಅಂದ್ಮ್ಯಾಲ ಆತು" ಎಂದು ನಕ್ಕು, ಮತ್ತೆ ಉಣ್ಣೆ ಹಿಂಡತೊಡಗಿದಳು.

ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾವಿಬ್ಬರೂ ಜವಳಗೇರಾದ ಹುಡುಗಿಯರು. ಒಂದೇ ಓಣಿ. ಅವಳು ಕುರುಬರ ಮನೆಯವಳು, ನಾನು ಬಳೆಗಾರರ ಮನೆಯವಳು. ಒಂದೇ ವರ್ಷ ಇಬ್ಬರನ್ನೂ ಮಸ್ಕಿಗೆ ಕೊಟ್ಟರು. ಗಂಡನ ಮನೆಗೆ ಬಂದ ಮೊದಲ ವಾರ ಬಾವಿಯ ಹತ್ತಿರ ಅವಳನ್ನು ಕಂಡಾಗ ಕೊಡ ಕೆಳಗಿಟ್ಟು ಇಬ್ಬರೂ ತಬ್ಬಿಕೊಂಡು ಅತ್ತೆವು. ನೋಡಿದವರು ಅಕ್ಕತಂಗಿಯರು ಅಂದುಕೊಂಡರು. ಅವಳ ಗಂಡ ಬೀರಪ್ಪ ಕಂಬಳಿ ನೇಯುತ್ತಾನೆ. ಅವನ ಮಗ್ಗಕ್ಕೆ ನೂಲು ತೆಗೆದು ಕೊಡುವವಳು ಮಾಳವ್ವ. ಬಲಗೈ ರಾಟಿ ತಿರುಗಿಸಿದರೆ ಎಡಗೈ ಉಣ್ಣೆಯ ಎಳೆಯನ್ನು ತೋಳುದ್ದ ಎಳೆಯಬೇಕು. ಅವಳಷ್ಟು ಸಣ್ಣ ಎಳೆ ತೆಗೆಯುವವರು ನಮ್ಮ ಓಣಿಯಲ್ಲಿ ಇರಲಿಲ್ಲ.

ನನ್ನ ಗಂಡ ಸಂತೆಯಲ್ಲಿ ಕೂತು ಬಳೆ ಮಾರಿದರೆ, ನಾನು ಮನೆಮನೆಗೆ ಹೋಗುತ್ತೇನೆ. ಬಳೆಗಾರ್ತಿಗೆ ಪಡಸಾಲೆಯೂ ಗೊತ್ತು, ಅಡುಗೆಮನೆಯೂ ಗೊತ್ತು. ಕೈ ಹಿಡಿದು ಬಳೆ ಏರಿಸುವಾಗ ಹೆಂಗಸರು ಯಾರಿಗೂ ಹೇಳದ್ದನ್ನು ಹೇಳಿಕೊಳ್ಳುತ್ತಾರೆ. ಒಬ್ಬಳ ಮದ್ದನ್ನು ಇನ್ನೊಬ್ಬಳಿಗೆ ದಾಟಿಸುತ್ತ ದಾಟಿಸುತ್ತ ನನಗೆ ಎಲ್ಲ ಬರುತ್ತದೆ ಎಂಬ ಹಮ್ಮು ಬಂದಿತ್ತು. ಹಳ್ಳೆಣ್ಣೆಯ ಮಾತು ಆ ಹಮ್ಮಿನಿಂದ ಬಂದದ್ದು.

ಮುಂದೆ ಐದು ತಿಂಗಳು ಅವಳೂ ಅದರ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮರೆತೇಬಿಟ್ಟಿದ್ದೆ.

ಯುಗಾದಿಯ ಬೆಳಿಗ್ಗೆ ಅವಳಿಗೆ ಎಣ್ಣೆನೀರು ಹಾಕಲು ಹೋದೆ. ಪ್ರತಿ ವರ್ಷದ ರೂಢಿ ಅದು. ಅವಳ ಬೆನ್ನು ನಾನು ಉಜ್ಜುವುದು, ನನ್ನ ಬೆನ್ನು ಅವಳು ಉಜ್ಜುವುದು. ಬಚ್ಚಲಲ್ಲಿ ಕೂತವಳು ಸೀರೆಯನ್ನು ಎದೆಗೆ ಅವಚಿಕೊಂಡೇ ಇದ್ದಳು. "ನನ್ನ ಮುಂದ ಏನ್ ನಾಚಿಕಿ ಬೇ?" ಎಂದು ಎಳೆದೆ.

ಎಡ ಎದೆಯ ತೊಗಲು ಒಂದು ಕಡೆ ಒಳಗೆ ಜಗ್ಗಿಹೋಗಿತ್ತು.

ತಂಬಿಗೆ ಕೆಳಗಿಟ್ಟು ಮುಟ್ಟಿ ನೋಡಿದೆ. ಗಂಟು ಈಗ ಅಡಿಕೆಗಿಂತ ದೊಡ್ಡದಾಗಿತ್ತು. ಮಾಳವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಾಗಬಾರದೆಂದು ಸೀರೆ ಅವಚಿಕೊಂಡಿದ್ದಳು, ಅಷ್ಟೇ.

"ಎಣ್ಣಿ ಹಚ್ಚಿದೆ ನೀಲಿ. ದಿನಾ ಹಚ್ಚಿದೆ" ಅಂದಳು.

ಆ ಯುಗಾದಿಗೆ ನಾವಿಬ್ಬರೂ ಬೇವುಬೆಲ್ಲ ತಿಂದೆವೋ ಇಲ್ಲವೋ ನೆನಪಿಲ್ಲ.

ಎರಡು ದಿನ ಬಿಟ್ಟು ಲಿಂಗಸುಗೂರಿಗೆ ಹೊರಟೆವು. ಮಾಳವ್ವ, ಬೀರಪ್ಪ, ನಾನು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಬಸ್ಸು ನಿಂತು ಬಿಡುತ್ತಿತ್ತು. ಗಂಡಸರು ಇಳಿದು ನೂಕುವರು. ಬೀರಪ್ಪ ಪ್ರತಿ ಸಲ ಮೊದಲು ಇಳಿದು ಕಡೆಗೆ ಹತ್ತುತ್ತಿದ್ದ. ಹೆಂಡತಿಯ ಪಕ್ಕ ಸುಮ್ಮನೆ ಕೂರುವುದಕ್ಕಿಂತ ಬಸ್ಸು ನೂಕುವುದೇ ಅವನಿಗೆ ಹಗುರವಾಗಿತ್ತೆಂದು ಕಾಣುತ್ತದೆ.

ಲಿಂಗಸುಗೂರಿನ ದವಾಖಾನೆಯಲ್ಲಿ ಲೇಡಿ ಡಾಕ್ಟರು ಇರಲಿಲ್ಲ. ಇದ್ದವರು ವಯಸ್ಸಾದ ಒಬ್ಬ ಡಾಕ್ಟರ್ ಸಾಹೇಬರು. ಹೈದರಾಬಾದಿನ ಕಡೆಯವರು. ಬಹಳ ವರ್ಷ ಈ ಕಡೆ ಇದ್ದು ಕನ್ನಡ ಕಲಿತಿದ್ದರು. ಮಾಳವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಸತ್ರೂ ಚಿಂತಿಲ್ಲ. ಗಂಡಸಿಗೆ ಎದಿ ತೋರ್ಸಂಗಿಲ್ಲ."

ಸಾಹೇಬರು ಸಿಟ್ಟಾಗಲಿಲ್ಲ. ಕಂಪೌಂಡರನನ್ನು ಕರೆದು ಹಗ್ಗ ಕಟ್ಟಿಸಿ, ಹಾಸಿಗೆಯ ಚಾದರವನ್ನು ಪರದೆಯಂತೆ ಇಳಿಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಹೆಸರೇನಮ್ಮ?"

"ನೀಲವ್ವ ರೀ."

"ನೀಲವ್ವ, ಇವತ್ತು ನನ್ನ ಕೈ ನೀವೇ. ನಾನು ಈ ಕಡೆ ನಿಂತು ಹೇಳ್ತೀನಿ, ನೀವು ಆ ಕಡೆ ಮಾಡ್ರಿ. ಮೊದಲ ಕೈ ತೊಳ್ಕೊಳ್ರಿ."

ಪರದೆಯ ಒಳಗೆ ಮಾಳವ್ವ ಬೆಂಚಿನ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡಳು. ಆಚೆಯಿಂದ ಸಾಹೇಬರ ದನಿ ನಿಧಾನವಾಗಿ ಬರುತ್ತಿತ್ತು. ಮೂರು ಬೆರಳು ಜೋಡಿಸಿ ಚಪ್ಪಟೆ ಇಡಿ. ಚಿವುಟಬೇಡಿ, ಒತ್ತಿ ಸವರಿ. ಹೊರಗಿನಿಂದ ಸುತ್ತಿಕೊಂಡು ಒಳಗೆ ಬನ್ನಿ. ಮೊದಲು ಸರಿ ಇರುವ ಎದೆ ನೋಡಿ, ಆಮೇಲೆ ಗಂಟಿರುವುದು. ಎರಡಕ್ಕೂ ಏನು ಫರಕು ಹೇಳಿ.

"ಗಟ್ಟಿ ಅದ, ಮೆತ್ತಗ ಅದ?"

"ಗಟ್ಟಿ ರೀ. ಹಳ್ಳದಾಗಿನ ಸಣ್ಣ ಕಲ್ಲಿನಂಗ."

"ಬೆರಳಿಗೆ ಸರೀತದ?"

"ಇಲ್ರೀ. ಕಚ್ಕೊಂಡು ಕುಂತೈತಿ."

"ಮೊಲೆತೊಟ್ಟಿನಿಂದ ನೀರು, ರಕ್ತ?"

"ಇಲ್ರೀ."

"ಬಗಲಾಗ ನೋಡ್ರಿ. ಒಳಗ, ಮ್ಯಾಲಿನ ತನಕ."

ಕಂಕುಳಲ್ಲಿ ಬೆರಳಿಟ್ಟೆ. ಕಡಲೆಕಾಳಿನಷ್ಟು ಒಂದು ಸಿಕ್ಕಿತು.

ಹೇಳಿದೆ. ಪರದೆಯ ಆಚೆಯಿಂದ ಸಾಹೇಬರು ಕೇಳಿದರು, "ಎಷ್ಟು ದಿನ ಆತು?"

"ದೀವಳಿಗಿಯಿಂದ ಐತ್ರಿ" ಅಂದಳು ಮಾಳವ್ವ.

"ಆಗ ಯಾಕ ಬರಲಿಲ್ಲ?"

ನನ್ನ ಬೆರಳು ಇನ್ನೂ ಅವಳ ಬಗಲಿನಲ್ಲಿತ್ತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ನೋವಿದ್ದಿಲ್ರಿ, ಅದಕ್ಕ" ಅಂದಳು. ನನ್ನ ಹೆಸರು ಎತ್ತಲಿಲ್ಲ.

"ಎಲ್ಲಾರೂ ಇದನ್ನೇ ಹೇಳ್ತಾರ" ಅಂದರು ಸಾಹೇಬರು. "ಈ ಬೀಮಾರಿ ಶುರುವಿನಾಗ ನೋಯಂಗಿಲ್ಲಮ್ಮ. ನೋವಾಗೋತನಕ ಕಾಯ್ತಾರ. ಅಷ್ಟೊತ್ತಿಗೆ ನಮ್ಮ ಕೈಯಾಗ ಏನೂ ಇರಂಗಿಲ್ಲ."

ಹೊರಗೆ ಜಗಲಿಯ ಮೇಲೆ ಬೀರಪ್ಪನಿಗೂ ನನಗೂ ರೋಗದ ಹೆಸರು ಹೇಳಿದರು. ತಮ್ಮ ಭಾಷೆಯಲ್ಲಿ ಸರತಾನ್, ಇಂಗ್ಲಿಷಿನಲ್ಲಿ ಕ್ಯಾನ್ಸರ್. ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಮಾಡಿ ಇಡೀ ಎದೆ ತೆಗೆಯಬೇಕು, ಬಗಲಿನ ಗಂಟನ್ನೂ ತೆಗೆಯಬೇಕು. ಸಣ್ಣದಿದ್ದಾಗಲೇ ಬಂದಿದ್ದರೆ ತಮಗೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಈಗಲೂ ದಾರಿ ಮುಚ್ಚಿಲ್ಲ. ಇಷ್ಟು ಹೇಳಿ ಉರ್ದುವಿನಲ್ಲಿ ಒಂದು ಚೀಟಿ ಬರೆದು ಬೀರಪ್ಪನ ಕೈಗಿಟ್ಟರು. ಅವನು ಅದನ್ನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡ. ನನಗೆ ಕನ್ನಡ ಅಕ್ಷರ ಬರುತ್ತದೆ, ಉರ್ದು ಬರುವುದಿಲ್ಲ. ಓದಲು ಬಂದಿದ್ದರೂ ಆ ಹೊತ್ತು ಓದಲಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಮಾಳವ್ವ ಒಂದೇ ಮಾತು ಹಿಡಿದಳು. ಹೋಗುವುದಿಲ್ಲ.

ಒಂಬತ್ತು ದಿನ ಹೀಗೇ ಹೋಯಿತು. ಬೆಳಿಗ್ಗೆ ಎದ್ದರೆ ರಾಟಿಯ ಮುಂದೆ ಕೂರುವಳು. ನಾನು ಹೋದರೆ ರಾಟಿಯ ಸದ್ದು ಜೋರಾಗುತ್ತಿತ್ತು. ಅವಳ ಅತ್ತೆ ಕರಿಯವ್ವ ಗಟ್ಟಿ ಬಾಯಿಯ ಮುದುಕಿ. ಹಳ್ಳೆಣ್ಣೆಯ ಮಾತು ತಿಳಿದರೆ ನನ್ನನ್ನು ಹೊಸಿಲು ತುಳಿಯಲು ಬಿಡಲಾರಳು, ಸೊಸೆಯನ್ನು ಪರಊರಿಗಂತೂ ಕಳಿಸಲಾರಳು ಎಂದುಕೊಂಡಿದ್ದೆ. ಹತ್ತನೆಯ ದಿನ ಆ ಮುದುಕಿಯೇ ಬಂದು ರಾಟಿಯ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ನನ್ನ ತಂಗಿನೂ ಹಿಂಗ ಮುಚ್ಚಿಟ್ಕೊಂಡಿದ್ಲು. ಎರಡು ವರ್ಷ. ಯಾರಿಗೂ ಹೇಳಲಿಲ್ಲ. ಕಡೀಗಿ ವಾಸನಿ ಬಂದಾಗ ನಮಗ ಗೊತ್ತಾತು. ಅಕಿ ಬಾಯಿಗೆ ನೀರು ಬಿಟ್ಟಾಕಿ ನಾನ. ಇನ್ನೊಮ್ಮಿ ನೀರು ಬಿಡಾಕ ನನ್ನ ಕೈಲೆ ಆಗಂಗಿಲ್ಲ. ಎದ್ದು ಹೋಗು. ಮಕ್ಕಳು ನನ್ನ ಹತ್ರ ಇರ್ಲಿ."

ಮಾಳವ್ವ ತಲೆ ಎತ್ತಲಿಲ್ಲ. "ಎದಿ ತಗದ ಮ್ಯಾಲ ನಾ ಹೆಂಗಸು ಹೆಂಗ ಅನಿಸ್ಕೊಳ್ಳಿ ಅತ್ತಿ?"

ಮಗ್ಗದ ಗುಂಡಿಯಲ್ಲಿ ಕೂತಿದ್ದ ಬೀರಪ್ಪ ಅಲ್ಲಿಂದಲೇ ಮಾತಾಡಿದ. ಆ ಹತ್ತು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು. "ನನಗ ಕಂಬಳಿ ನೇಯಾಕ ಬರ್ತೈತಿ. ಕುರಿ ಕಾಯಾಕ ಬರ್ತೈತಿ. ನೀ ಇಲ್ಲದ ಮನ್ಯಾಗ ಕುಂದ್ರಾಕ ಬರಂಗಿಲ್ಲ."

ಆಗ ನಾನೂ ಹೇಳಿಬಿಟ್ಟೆ. ಎಲ್ಲರ ಎದುರೇ. "ಇದರಾಗ ತಪ್ಪು ನಂದು. ದೀವಳಿಗ್ಯಾಗ ನನಗ ತೋರ್ಸಿದ್ಲು. ಎಣ್ಣಿ ಹಚ್ಚು ಅಂದಾಕಿ ನಾನು."

ಕರಿಯವ್ವ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

ಮಾಳವ್ವನೇ ಎದ್ದು ಬಂದು ನನ್ನ ಕಣ್ಣೊರೆಸಿದಳು. "ನಿನ್ನ ತಪ್ಪು ಹೊತ್ಕೊಂಡು ತಿರುಗಾಕ ನನಗ ಪುರಸೊತ್ತಿಲ್ಲ ಬೇ. ನಾ ಹೋಗ್ತೀನಿ. ಆದ್ರ ನೀ ಸಂಗಾಟ ಬರ್ಬೇಕು. ಕಡೀತನಕ ಅಲ್ಲೇ ಇರ್ಬೇಕು."

ಬಂದೆ. ಕಡೆಯತನಕ ಇದ್ದೆ. ಒಟ್ಟು ಆರು ವಾರ.

ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಮಾಳವ್ವ ರೈಲು ಕಂಡದ್ದೇ ಮೊದಲ ಸಲ. ಕಿಟಕಿಗೆ ಹಣೆ ಹಚ್ಚಿ ಕೂತವಳು ಎಲ್ಲಿ ಕುರಿಹಿಂಡು ಕಂಡರೂ ಎಣಿಸುತ್ತಿದ್ದಳು. ಬೀರಪ್ಪ ನಮ್ಮನ್ನು ಆಸ್ಪತ್ರೆಗೆ ಸೇರಿಸಿ, ಕಾಗದಗಳಿಗೆಲ್ಲ ಹೆಬ್ಬೆಟ್ಟು ಒತ್ತಿ, ಎರಡು ದಿನ ಇದ್ದು, ಕುರಿಗಳ ಸಲುವಾಗಿ ಊರಿಗೆ ಹೋದ. ಹೋಗುವಾಗ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಇಪ್ಪತ್ತು ಮಂಚ. ತೆಲುಗು, ಉರ್ದು, ಮರಾಠಿ ಎಲ್ಲ ಭಾಷೆಯ ನರಳಾಟ. ಕನ್ನಡ ನಮ್ಮದೊಂದೇ. ಆಪರೇಷನ್ ಮಾಡುವ ಡಾಕ್ಟರಮ್ಮ ಮದ್ರಾಸಿನ ಕಡೆಯವರು. ಸಣ್ಣ ಆಳು, ಬಿರುಸು ನಡಿಗೆ. ಅವರು ತೆಲುಗಿನಲ್ಲಿ ಮಾತಾಡುತ್ತಿದ್ದರು; ಊರೂರು ತಿರುಗುವ ನನಗೆ ಅದು ಅಷ್ಟಿಷ್ಟು ತಿಳಿಯುತ್ತಿತ್ತು. ಮಾಳವ್ವನ ಎದೆ ನೋಡಿ, ಬಗಲು ನೋಡಿ, ಮುಚ್ಚುಮರೆ ಮಾಡದೆ ಹೇಳಿದರು. ತೆಗೆಯುತ್ತೇನೆ. ಪೂರ್ತಿ ತೆಗೆಯಲು ನೋಡುತ್ತೇನೆ. ಮುಂದೆ ಬರುವುದೇ ಇಲ್ಲ ಎಂದು ಬರೆದುಕೊಡಲಾರೆ.

ನಾನು ಅದನ್ನು ಮಾಳವ್ವನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಕಡೆಯ ಮಾತು ಬಿಟ್ಟು ಹೇಳಿದೆ.

"ಏನೋ ಬಿಟ್ಟಿ ನೀ" ಅಂದಳು ಅವಳು. "ಅಕಿ ಮೂರು ಸಲ ಬಾಯಿ ತಗದ್ಲು. ನೀ ಎರಡು ಸಲ."

ಹೇಳಿದೆ. ಅವತ್ತಿನಿಂದ ಅವಳಿಗೆ ಯಾವುದನ್ನೂ ಮುಚ್ಚಿಡಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಅವಳ ಕೈಯ ಬಳೆ ತೆಗೆಯಿರೆಂದು ನರ್ಸ್ ಹೇಳಿದರು. ಒಡೆಯಲು ನನಗೆ ಮನಸ್ಸಾಗಲಿಲ್ಲ. ಸೋಪು ಹಚ್ಚಿ, ಬೆರಳು ಕೂಡಿಸಿ, ಒಂದೊಂದಾಗಿ ಇಳಿಸಿದೆ. ಒಂದೂ ಒಡೆಯಲಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ನಿಧಾನವಾಗಿ ನಾನು ಎಂದೂ ಕೈ ಆಡಿಸಿರಲಿಲ್ಲ. ಅವಳನ್ನು ಗಾಲಿಮಂಚದ ಮೇಲೆ ಒಳಗೆ ಕರೆದೊಯ್ದರು. ಬಾಗಿಲ ಸಂದಿಯಿಂದ ಕ್ಲೋರೋಫಾರಂ ವಾಸನೆ ಬಂತು. ವರಾಂಡದಲ್ಲಿ ಕೂತು ನಾನು ಯಾವ ದೇವರನ್ನೂ ಬಿಡಲಿಲ್ಲ. ಮಸ್ಕಿಯ ಗುಡ್ಡದ ಮಲ್ಲಯ್ಯನಿಂದ ಹಿಡಿದು ಆಸ್ಪತ್ರೆಯ ಎದುರಿನ ದರ್ಗಾದವರೆಗೆ ಎಲ್ಲರಿಗೂ ಹರಕೆ ಹೊತ್ತೆ.

ಮಧ್ಯಾಹ್ನ ದಾಟಿದ ಮೇಲೆ ಹೊರಗೆ ತಂದರು. ಮುಖ ಬೂದಿಯ ಬಣ್ಣ. ಎದೆಯಿಂದ ಹೊಟ್ಟೆಯವರೆಗೆ ಬ್ಯಾಂಡೇಜು. ಪಕ್ಕೆಯಿಂದ ಒಂದು ರಬ್ಬರಿನ ನಳಿಗೆ. ಸಂಜೆ ಎಚ್ಚರವಾಗಿ ಮೊದಲು ಕೇಳಿದ್ದು, "ನೀಲಿ, ಉಂಡಿ?"

ನಾನು ಉಂಡಿರಲಿಲ್ಲ.

ಆರನೆಯ ದಿನದ ಡ್ರೆಸ್ಸಿಂಗಿನಲ್ಲಿ ಬ್ಯಾಂಡೇಜು ಪೂರ್ತಿ ಬಿಚ್ಚಿದರು. ಮಾಳವ್ವ ಮುಖ ಗೋಡೆಗೆ ತಿರುಗಿಸಿದಳು. "ಮೊದಲ ನೀ ನೋಡು. ನೋಡಿ ಹೆಂಗೈತಿ ಹೇಳು."

ನೋಡಿದೆ. ಒಂದು ಕಡೆ ಏನೂ ಇರಲಿಲ್ಲ. ಕುತ್ತಿಗೆಯ ಕೆಳಗಿಂದ ಬಗಲಿನವರೆಗೆ ಕೆಂಪನೆಯ ಗೆರೆ, ಅದರ ಗುಂಟ ಕಪ್ಪು ಹೊಲಿಗೆ. ಏನು ಹೇಳುವುದು? ಬಾಯಿಗೆ ಬಂದದ್ದು ಹೇಳಿದೆ.

"ಹೊಲದಾಗ ನೇಗಿಲ ಹೊಡದ ಸಾಲಿನಂಗೈತಿ."

"ಬಿತ್ತಾಕಂತೂ ಬರಂಗಿಲ್ಲ" ಎಂದು ನಗಲು ಹೋದಳು. ನಕ್ಕರೆ ಹೊಲಿಗೆ ಜಗ್ಗಿತು. ಜಗ್ಗಿದ್ದಕ್ಕೆ ಅತ್ತಳು. ಒಮ್ಮೆ ಶುರುವಾದ ಅಳು ಬಹಳ ಹೊತ್ತು ನಿಲ್ಲಲಿಲ್ಲ. ನರ್ಸ್ ಕೈ ತೊಳೆದುಕೊಂಡು ಬಂದು ಸುಮ್ಮನೆ ಅವಳ ತಲೆ ಸವರಿ ಹೋದರು. ಅಳು ಮುಗಿದ ಮೇಲೆ ತಾನೂ ನೋಡಿಕೊಂಡಳು.

ನಿಜವಾದ ಕಷ್ಟ ಆಮೇಲೆ ಬಂತು. ಎಡಗೈ ಮೇಲೇಳದು. ದಿನಕ್ಕೆ ನಾಲ್ಕು ಸಲ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬಿಟ್ಟರೆ ಕೈ ಹಾಗೇ ಬಿಗಿದುಹೋಗುತ್ತದೆ. ಮಾಳವ್ವ ಎರಡು ದಿನ ಮಾಡಿದಳು. ಮೂರನೆಯ ದಿನ ಆಗುವುದಿಲ್ಲವೆಂದು ಮಲಗಿಬಿಟ್ಟಳು. ನನಗೂ ಮನೆ ಬಿಟ್ಟು ಮೂರು ವಾರವಾಗಿತ್ತು. ನಿದ್ದೆ ಇರಲಿಲ್ಲ. ವಾರ್ಡಿನ ನೆಲದ ಮೇಲೆ ಮಲಗಿ ಮೈಯೆಲ್ಲ ಹಿಡಿದುಕೊಂಡಿತ್ತು. ಸಿಟ್ಟು ಬಂತು.

"ಇಷ್ಟಕ್ಕ ಇಲ್ಲೀತನ ಬಂದ್ವೇನು? ಮಲಕ್ಕೊಂಡ ಸಾಯಾಕ ಮಸ್ಕ್ಯಾಗ ಜಾಗ ಇದ್ದಿಲ್ಲೇನು?"

ಆಡಬಾರದ ಮಾತು. ಆಡಿಬಿಟ್ಟೆ.

ಅವಳು ಎದ್ದಳು. ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. ಹಲ್ಲು ಕಚ್ಚಿ ಒಂದೊಂದು ಬೆರಳು ಮೇಲೇರಿಸಿದಳು. ಕಣ್ಣಲ್ಲಿ ನೀರು ಧಾರಾಕಾರ. ನಿನ್ನೆಗಿಂತ ನಾಲ್ಕು ಬೆರಳು ಮೇಲೆ ಹೋದಳು. ಕೈ ಇಳಿಸಿ ನನ್ನ ಕಡೆ ತಿರುಗಿ, "ಈಗ ನೀ ಒಂದು ತಾಸು ನನ್ನ ಮಂಚದ ಮ್ಯಾಲ ಮಲಗು. ನಿನ್ನ ಬಾಯಿಗೆ ನಿದ್ದಿ ಕಮ್ಮಿ ಬಿದ್ದೈತಿ" ಅಂದಳು. ನಾನು ಮಲಗಿದೆ. ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನೊಣ ಓಡಿಸಿದಳು. ಸಿಸ್ಟರು ಬಂದು ಯಾರು ಪೇಶೆಂಟು, ಯಾರು ಜೊತೆಗಿರುವವರು ಎಂದು ಗದರಿದ್ದು ನನಗೆ ಕೇಳಿಸಲೇ ಇಲ್ಲ.

ನಾಲ್ಕನೆಯ ವಾರ ಬೀರಪ್ಪ ಬಂದ. ಬಗಲಲ್ಲಿ ಬಟ್ಟೆಯ ಸಣ್ಣ ಗಂಟು. ಮಂಚದ ಮೇಲಿಟ್ಟು ಬಿಚ್ಚಿದ. ಬೆಳ್ಳನೆಯ ಉಣ್ಣೆ, ಹಿಂಜಿ ಹಿಂಜಿ ಮೋಡದಂತೆ ಮಾಡಿದ್ದು.

"ಮರಿಯ ಉಣ್ಣಿ. ಮೊದಲನೆ ಕತ್ರಿದು" ಅಂದ. "ಕೈ ಕೆಳಗ ಇಟ್ಕೊಳ್ಳಾಕ ಮೆತ್ತಗ ಆಕ್ಕೈತಿ ಅಂತ ತಂದೀನಿ."

ಮಾಳವ್ವ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅವನು ಹೋದ ಮೇಲೆ ನನ್ನಿಂದ ಸೂಜಿದಾರ ಇಸಿದುಕೊಂಡು, ಹಳೆಯ ಧೋತರದ ತುಂಡಿನಲ್ಲಿ ಆ ಉಣ್ಣೆಯ ಅರ್ಧ ತುಂಬಿ, ಗುಂಡಗೆ ಹೊಲಿದು, ಕುಪ್ಪಸದೊಳಗೆ ಇಟ್ಟುಕೊಂಡಳು. ಕನ್ನಡಿ ಇರಲಿಲ್ಲ. "ಹೆಂಗ ಕಾಣ್ತೀನಿ?" ಎಂದು ನನ್ನನ್ನು ಕೇಳಿದಳು. ಮೊದಲಿನಂತೆಯೇ ಕಾಣುತ್ತಿದ್ದಳು. ಡಾಕ್ಟರಮ್ಮ ರೌಂಡಿಗೆ ಬಂದಾಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಇನ್ನೊಂದು ಹೊಲಿದುಕೊಡು ಅಂದರು. ಮೂಲೆಯ ಮಂಚದಲ್ಲಿ ನಮ್ಮ ನಂತರ ಆಪರೇಷನ್ ಆಗಿದ್ದ ತೆಲುಗು ಹೆಂಗಸಿಗೆ. ಉಳಿದ ಅರ್ಧ ಉಣ್ಣೆ ಅವಳಿಗೆ ಹೋಯಿತು.

ಊರಿಗೆ ಬಂದೆವು. ಊರು ನಾವು ಬಿಟ್ಟುಹೋದಂತೆ ಇರಲಿಲ್ಲ. ಅದು ಅಂಟುರೋಗ ಎಂದು ಸುದ್ದಿಯಾಗಿತ್ತು. ಬಾವಿಯಲ್ಲಿ ಅವಳು ಹಗ್ಗ ಮುಟ್ಟಿದರೆ ಕೆಲವರು ಸರಿದು ನಿಲ್ಲುವರು. ಕರಿಯವ್ವ ಅದಕ್ಕೆ ತನ್ನದೇ ಮದ್ದು ಕಂಡುಹಿಡಿದಳು. ಸೊಸೆ ಕುಡಿದು ಬಿಟ್ಟ ನೀರನ್ನು ಎಲ್ಲರೆದುರು ಗಟಗಟ ಕುಡಿದು, "ನೋಡ್ರಿ, ನಾ ಸತ್ರ ಬಂದು ಹೇಳ್ರಿ" ಎಂದು ತಂಬಿಗೆ ಕುಕ್ಕಿದಳು. ಅಂಟುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನೂ ಹೋದ ಮನೆಯಲ್ಲೆಲ್ಲ ಹೇಳಿದೆ.

ಎಡಗೈ ಬಾತುಕೊಂಡಿತು. ಈಗಲೂ ಸಂಜೆಯಾದರೆ ಬಾಯುತ್ತದೆ. ಆ ಕೈಗೆ ಎರಡು ಅಳತೆ ದೊಡ್ಡ ಬಳೆ ಇಡಿಸುತ್ತೇನೆ. ಮೊದಲಿನಂತೆ ದಿನವಿಡೀ ನೂಲು ತೆಗೆಯಲಾಗುವುದಿಲ್ಲ. ಆ ಕೆಲಸವನ್ನು ಹಿರಿಮಗಳು ಕಲಿಯುತ್ತಿದ್ದಾಳೆ. ಸುಮ್ಮನೆ ಕೂರಲು ಬಾರದ ಮಾಳವ್ವ ನನ್ನ ಜೊತೆ ತಿರುಗಾಟಕ್ಕೆ ಹೊರಟಳು. ಬಳೆ ನಾನು ಹೊರುತ್ತೇನೆ, ಬುತ್ತಿ ಅವಳು ಹೊರುತ್ತಾಳೆ.

ಮೊದಲು ನಾನೊಬ್ಬಳೇ ಹೇಳುತ್ತಿದ್ದೆ. ತಿಂಗಳ ಮೈಲಿಗೆ ಕಳೆದು ತಲೆಗೆ ನೀರು ಹಾಕಿಕೊಂಡ ಮೇಲೆ ಒಮ್ಮೆ ನಿಮ್ಮ ಎದೆಯನ್ನು ನೀವೇ ನೋಡಿಕೊಳ್ಳಿ. ಮೂರು ಬೆರಳು, ಚಪ್ಪಟೆ. ಬಗಲನ್ನೂ ನೋಡಿ. ಗಂಟು ಸಿಕ್ಕರೆ, ತೊಗಲು ಜಗ್ಗಿದರೆ, ತೊಟ್ಟಿನಿಂದ ಏನಾದರೂ ಬಂದರೆ ನಮಗೆ ಹೇಳಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಹೆಂಗಸರು ಕೇಳುತ್ತಿದ್ದರು, ಒಬ್ಬರನ್ನೊಬ್ಬರು ನೋಡಿ ಬಾಯಿ ಮುಚ್ಚಿ ನಗುತ್ತಿದ್ದರು. ಬಳೆಗಾರ ನೀಲವ್ವನಿಗೆ ಹುಚ್ಚು ಹಿಡಿದಿದೆ ಎಂದವರೂ ಇದ್ದರು.

ಗೊರೇಬಾಳದ ಒಂದು ಮನೆಯಲ್ಲಿ ಹಾಗೆ ನಗೆ ಎದ್ದಾಗ ಮಾಳವ್ವ ಎದ್ದು ಹೋಗಿ ಬಾಗಿಲು ಮುಚ್ಚಿದಳು. ಏಳೆಂಟು ಹೆಂಗಸರು. ಅವರ ಎದುರು ನಿಂತು ಕುಪ್ಪಸ ಬಿಚ್ಚಿದಳು.

ನಗೆ ನಿಂತಿತು.

"ನೋಡ್ರವ್ವಾ" ಅಂದಳು. "ಹುಣಸಿಬೀಜದಷ್ಟಿತ್ತು. ನೋಯ್ತಿದ್ದಿಲ್ಲ. ಆಗ ಹೋಗಿದ್ರ ಇಷ್ಟು ಕಷ್ಟ ಇರ್ತಿದ್ದಿಲ್ಲೇನೋ. ನಾ ತಡ ಮಾಡೀನಿ. ಆದ್ರೂ ನಿಮ್ಮ ಮುಂದ ನಿಂತೀನಿ. ನೀವು ತಡ ಮಾಡಬ್ಯಾಡ್ರಿ."

ಗಂಡಸಿಗೆ ಎದೆ ತೋರಿಸುವುದಕ್ಕಿಂತ ಸಾಯುವುದೇ ಲೇಸು ಎಂದಿದ್ದ ಅದೇ ಹೆಂಗಸು. ನಾನು ತಲೆ ತಗ್ಗಿಸಿ ಬಳೆಗಳನ್ನು ಸರಿಪಡಿಸುತ್ತ ಕೂತೆ. ಕಣ್ಣಿಗೆ ಹಸಿರು ಯಾವುದು ಕೆಂಪು ಯಾವುದು ತಿಳಿಯುತ್ತಿರಲಿಲ್ಲ.

ನಾವು ಹೊರಟಾಗ ಆ ಮನೆಯ ಸೊಸೆ ಊರ ಅಗಸಿಬಾಗಿಲವರೆಗೆ ಹಿಂದೆಯೇ ಬಂದಳು. ಇಪ್ಪತ್ತೈದರ ವಯಸ್ಸಿರಬೇಕು. "ಅಕ್ಕಾ, ನನಗೂ ಒಂದೈತಿ" ಅಂದಳು. ಮಾಳವ್ವ ಅವಳ ಅತ್ತೆಯ ಜೊತೆ ತಾನೇ ಮಾತಾಡಿದಳು. ಮೂರನೆಯ ದಿನ ಅವಳನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದೆವು. ಅವಳದು ನೀರು ತುಂಬಿದ ಗುಳ್ಳೆ. ಸಾಹೇಬರು ಸೂಜಿಯಿಂದ ನೀರು ತೆಗೆದು, ಹೆದರಬೇಕಾದ್ದು ಏನೂ ಕಾಣುವುದಿಲ್ಲ, ಮತ್ತೆ ತುಂಬಿದರೆ ಬಾ ಎಂದು ಕಳಿಸಿದರು. ಬರುವಾಗ ಆ ಹುಡುಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕಳು. ಎಲ್ಲರ ಗಂಟೂ ಕೆಟ್ಟದ್ದಲ್ಲ ಎನ್ನುವುದನ್ನೂ ಅಂದಿನಿಂದ ನಾವು ಹೇಳತೊಡಗಿದೆವು. ಹೆದರಿದವರು ಮುಚ್ಚಿಡುತ್ತಾರೆ.

ಸಿಂಧನೂರಿನ ಓಣಿಯೊಂದರಲ್ಲಿ ಸಿಕ್ಕ ಇನ್ನೊಬ್ಬಳದು ಹಾಗಿರಲಿಲ್ಲ. ಅವಳೂ ಹೈದರಾಬಾದಿಗೆ ಹೋಗಿಬಂದಳು. ಅವಳ ಬಗಲಿನಲ್ಲಿ ಏನೂ ಸಿಕ್ಕಿರಲಿಲ್ಲ. ಬೇಗ ಬಂದಿದ್ದಾಳೆ ಎಂದರಂತೆ ಡಾಕ್ಟರಮ್ಮ. ಆ ಮಾತನ್ನು ಮಾಳವ್ವ ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು.

ಮಾಳವ್ವನಿಗೆ ಆಪರೇಷನ್ ಆಗಿ ಈಗ ಎರಡು ವರ್ಷ. ಆರು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುತ್ತೇವೆ. ಹೋಗುವ ಮುಂಚಿನ ವಾರ ನನಗೆ ಅನ್ನ ಸೇರುವುದಿಲ್ಲ. ಅವಳು ಮಾತ್ರ ರೈಲಿನಲ್ಲಿ ಕುರಿ ಎಣಿಸುತ್ತಾಳೆ. ಹೋದ ತಿಂಗಳು ಡಾಕ್ಟರಮ್ಮ ಗಾಯದ ಗೆರೆ, ಕುತ್ತಿಗೆ, ಇನ್ನೊಂದು ಎದೆ ಎಲ್ಲ ನೋಡಿ, "ಈ ಸಲ ಏನೂ ಇಲ್ಲ" ಅಂದರು. ಈ ಸಲ ಎಂದೇ ಅನ್ನುತ್ತಾರೆ ಅವರು. ನಮಗೂ ಅದು ರೂಢಿಯಾಗಿದೆ. ಮುಂದಿನ ಸಲದ ಮಾತನ್ನು ಮುಂದಿನ ಸಲಕ್ಕೆ ಬಿಡುತ್ತೇವೆ.

ಹೋದ ವಾರ ಜವಳಗೇರಾಕ್ಕೆ ಹೋಗಿದ್ದೆವು, ನಮ್ಮ ತವರಿಗೆ. ನಮ್ಮಣ್ಣನ ಮನೆಯಲ್ಲಿ ಊಟವಾಗಿ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಅಡ್ಡಾಗಿದ್ದಾಗ ಮಾಳವ್ವ ಒಮ್ಮೆಲೇ ಕೇಳಿದಳು.

"ನೀಲಿ, ಊರಿಗೆಲ್ಲ ಹೇಳ್ತಿ. ನಿಂದು ನೀ ನೋಡ್ಕೊಂಡೀಯೇನು?"

ನಾನು ಸೆರಗನ್ನು ಎದೆಗೆ ಎಳೆದುಕೊಂಡೆ.

ಎರಡು ವರ್ಷದಲ್ಲಿ ಒಂದು ಸಲವೂ ನೋಡಿಕೊಂಡಿರಲಿಲ್ಲ. ಎಷ್ಟೋ ಸಲ ಬಚ್ಚಲಲ್ಲಿ ಕೈ ಎದೆಯ ಹತ್ತಿರ ಹೋಗಿ ಹಿಂದೆ ಬಂದಿತ್ತು. ಏನಾದರೂ ಸಿಕ್ಕರೆ? ಆ ವಾರ್ಡು, ಆ ನಳಿಗೆ, ಆ ಗೋಡೆ, ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದವಳು ನಾನು. ಅವಳಷ್ಟು ಗಟ್ಟಿಯವಳಲ್ಲ.

"ಅಂಜಿಕಿ ಬೇ" ಅಂದೆ.

"ಗೊತ್ತೈತಿ" ಅಂದಳು. ಎದ್ದು ಬಾಗಿಲಿನ ಚಿಲಕ ಹಾಕಿ ಬಂದು ನನ್ನ ಪಕ್ಕ ಕೂತಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಕುಪ್ಪಸದ ಗಂಟು ಬಿಚ್ಚಿ, ಮೂರು ಬೆರಳು ಜೋಡಿಸಿ, ಹೊರಗಿನಿಂದ ಸುತ್ತಿಕೊಂಡು ಒಳಗೆ ಬಂದಳು. ಅವಸರ ಮಾಡಲಿಲ್ಲ. ಒಂದು ಎದೆ, ಆಮೇಲೆ ಇನ್ನೊಂದು, ಆಮೇಲೆ ಎರಡೂ ಬಗಲು. ಉಣ್ಣೆಯಲ್ಲಿ ಕಸ ಹುಡುಕುವ ಬೆರಳು ಅವಳದು. ಏನಿದ್ದರೂ ತಪ್ಪಿಸಿಕೊಳ್ಳಲಾರದು ಎಂದು ನನಗೆ ಗೊತ್ತಿತ್ತು. ಅದಕ್ಕೇ ಉಸಿರು ಹಿಡಿದಿದ್ದೆ.

"ಕಣ್ಣು ತಗಿ" ಅಂದಳು.

ತೆರೆದೆ.

"ಏನಿಲ್ಲ. ಬರೋ ತಿಂಗಳು ಮತ್ತ ನೋಡ್ತೀನಿ."